ಮೂರನೇ ಲೆವೆಲ್ಲಿಗೆ ದಾರಿ ಹಕ್ಕು

"ಕೇಸಿಲ್ಲದ ಲಾಯ್ರೂ ಒಂದೇ, ಕರಾವು ಬತ್ತಿದ ಹಸನೂ ಒಂದೇ ಕಣ್ರಲಾ! ಎರಡೂ ಹೊತ್ತೊತ್ತಿಗೆ ಮೇಯ್ತವೆ, ಕೂತ್ಕಂಡು ಮೆಲುಕಾಕ್ತವೆ, ತಂಬಿಗೆ ಹಿಡ್ಕಂಡು ಹತ್ರ ಹೋದ್ರೆ ಮಾತ್ರ ಒದೀತವೆ!"

ಲಿಂಗಣ್ಣ ಇದನ್ನು ಹೇಳಿದ್ದು ಗಾವಡಗೆರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಭಾನುವಾರ ಬೆಳಿಗ್ಗೆ, ಬೆಂಚು ತುಂಬ ಜನ ಕೂತಿದ್ದಾಗ. ಹೇಳಿಸಿಕೊಂಡವನು ಎದುರಿಗೇ ಇಡ್ಲಿ ಮುರಿಯುತ್ತಿದ್ದ ಉಮಾಶಂಕರ, ಬಿ.ಎ., ಎಲ್‌ಎಲ್.ಬಿ. ಬೆಂಚಿಗೆ ಬೆಂಚೇ ನಕ್ಕಿತು. ಇಬ್ಬರ ಗುರುತೂ ಇಲ್ಲದೆ ಹುಣಸೂರು ಬಸ್ಸಿಗೆ ಕಾಯುತ್ತಿದ್ದ ಯಾರೋ ಪರಸ್ಥಳದವನು ಕೂಡ ನಕ್ಕ. ಇನ್ನೊಬ್ಬನ ಮಾನ ಹೋಗುವಾಗ ನಗುವುದಕ್ಕೆ ಪರಿಚಯ ಬೇಕಿಲ್ಲ. ಬಿಟ್ಟಿ ಸಾಂಬಾರಿನ ಹಾಗೆ ಎಲ್ಲರೂ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಲಿಂಗಣ್ಣ ಊರಿನ ಪಂಚಾಯ್ತಿ ಯಜಮಾನ. ಬದು ಒತ್ತಿದ ಜಗಳ, ಹೆಂಡತಿ ತವರಿಗೆ ಹೋದ ಜಗಳ, ಕುರಿ ಪಕ್ಕದ ಹೊಲಕ್ಕೆ ನುಗ್ಗಿದ ಜಗಳ, ಎಲ್ಲವನ್ನೂ ಅವನು ಅರಳಿಕಟ್ಟೆಯ ಮೇಲೆ ಕೂತು ಊಟದ ಹೊತ್ತಿಗೆ ಮುಗಿಸಿಬಿಡುತ್ತಿದ್ದ. ಅಲ್ಲಿ ಮುಗಿಯುವುದನ್ನು ಕೋರ್ಟಿಗೆ ಒಯ್ದು ಮೊಮ್ಮಕ್ಕಳ ಕಾಲದವರೆಗೆ ಎಳೆಯುವವರಿಗೆ ವಕೀಲರು ಎನ್ನುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ.

"ಇವತ್ತು ನಂಗೆ ಕೇಸೈತೆ ಲಿಂಗಣ್ಣ," ಎಂದ ಉಮಾಶಂಕರ, ಕಿವಿ ಕೆಂಪಗೆ ಮಾಡಿಕೊಂಡು.

"ಏನ್ ಕೇಸ್ಲಾ?"

"ವಿಡಿಯೋ ಗೇಮಿಂದು."

ಹೋಟೆಲಿನ ತಗಡು ಅಲ್ಲಾಡುವಂತೆ ಮತ್ತೊಂದು ನಗು ಎದ್ದಿತು. "ಐಕ್ಳಾಟಕ್ಕೂ ಲಾಯ್ರಾ? ಅಂಗಾರೆ ಕೆರೆ ಏರಿ ಮ್ಯಾಲೆ ಗೋಲಿ ಆಡ್ತಾವ್ರಲ್ಲ, ಅವ್ರಿಗೂ ಒಂದೊಂದು ವಕಾಲತ್ತು ಬರ್ಕೊಡಪ್ಪಾ, ಪುಣ್ಯ ಬತ್ತದೆ!"

ಉಮಾಶಂಕರ ಮುರಿದ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟ. ಎದ್ದು ಕೈ ತೊಳೆದು, ಕರೀ ಕೋಟು ಹೆಗಲ ಮೇಲೆ ಹಾಕಿಕೊಂಡು ಹೊರಟ.

ಇಷ್ಟಕ್ಕೆಲ್ಲ ಮೂಲ ಒಂದು ಬೋರ್ಡು. ಬಣ್ಣದ ಪರದೆಯ ಮೊಬೈಲು ಹುಣಸೂರಿನ ಪೇಟೆಗೆ ಆಗಷ್ಟೇ ಬಂದಿದ್ದ ಕಾಲ ಅದು. ಅಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ಒಂದು ಕೋಣೆ ಹಿಡಿದು ಉಮಾಶಂಕರ, 'ಬೌದ್ಧಿಕ ಆಸ್ತಿ ವಕೀಲರು. ವಿಡಿಯೋ ಗೇಮ್ ವ್ಯವಹಾರಗಳಿಗೆ ಸಂಪರ್ಕಿಸಿ' ಎಂದು ಬರೆಸಿ ನೇತುಹಾಕಿದ್ದ. ಪಕ್ಕದ ಬೀದಿಯ ಗೇಮ್ ಅಂಗಡಿಯಲ್ಲಿ ಹುಡುಗರು ಲೋಕ ಮರೆತು ಗುಂಡಿ ಒತ್ತುವುದನ್ನು ನೋಡಿ ಅವನಿಗೆ ಸಿಟ್ಟು ಬಂದಿತ್ತು. ಇದನ್ನು ಯಾರೋ ಒಬ್ಬ ನಿದ್ದೆಗೆಟ್ಟು ಕಟ್ಟಿರುತ್ತಾನೆ, ಅವನ ಹೆಸರೇ ಯಾರಿಗೂ ಗೊತ್ತಿಲ್ಲ, ಕದ್ದ ಕ್ಯಾಸೆಟ್ಟು ಹಾಕಿದವನು ಮಾತ್ರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಏಲಕ್ಕಿ ಅಗಿಯುತ್ತಾನೆ! ಆ ಸಿಟ್ಟಿನಲ್ಲೇ ಬೆಂಗಳೂರಿನಿಂದ ಅಂಚೆಯಲ್ಲಿ ಪಾಠ ತರಿಸಿ, ಕಟ್ಟಿದವನ ಹಕ್ಕು ಕಾಯುವ ಕಾನೂನನ್ನು ಓದಿ ಪಾಸು ಮಾಡಿಕೊಂಡಿದ್ದ.

ಬೋರ್ಡು ನೋಡಿ ಮೊದಲು ಮಹಡಿ ಹತ್ತಿದವನು ಕಟ್ಟೆಮಳಲವಾಡಿ ಕಡೆಯ ರೈತ. "ಈ ಬೌದ್ಧಿಕ ಅನ್ನೋ ಊರು ಯಾವ ಹೋಬ್ಳಿಗೆ ಬತ್ತದೆ ಸ್ವಾಮಿ? ಅಲ್ಲಿ ಜಮೀನು ಅಗ್ಗಕ್ಕೆ ಸಿಕ್ತದಾ?" ಎಂದು ಕೇಳಿದ. ಎರಡನೆಯವನು ಗೇಮ್ ಅಂಗಡಿಯವನೇ. ಕೆಟ್ಟ ರಿಮೋಟೊಂದನ್ನು ಮೇಜಿನ ಮೇಲಿಟ್ಟು, "ಎಡಗಡೆ ಗುಂಡಿ ಹಿಡೀತಿಲ್ಲ ಸಾ, ಸಂಜೆಗೆ ಆಯ್ತದಾ?" ಎಂದ. ಆಮೇಲೆ ಯಾರೂ ಬರಲಿಲ್ಲ. ಉಮಾಶಂಕರ ಕೋರ್ಟಿನ ಹುಣಸೇ ಮರದ ಕೆಳಗೆ ಕೂತು ಜಾತಿ ಸರ್ಟಿಫಿಕೇಟಿಗೆ ಅಫಿಡವಿಟ್ಟು ಬರೆದು ಹೊಟ್ಟೆ ಹೊರೆಯುತ್ತಿದ್ದ.

ಹೀಗಿರುವಾಗ ಅವನ ಊರಿನವಳೇ ಆದ ವನಿತಾ ಮಹಡಿ ಹತ್ತಿ ಬಂದಳು. ಸಣ್ಣಬೀರಯ್ಯನ ಮಗಳು. ಹುಣಸೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಕಲಿತು, ಅಲ್ಲಿನದೇ ಹಳೇ ಕಂಪ್ಯೂಟರೊಂದನ್ನು ಮನೆಗೆ ತರಿಸಿಕೊಂಡು, ಮೊಬೈಲಿನಲ್ಲಿ ಆಡುವ ಆಟವೊಂದನ್ನು ಕಟ್ಟಿದ್ದಳು. ಹೊಲಕ್ಕೆ ನುಗ್ಗುವ ಹಂದಿಗಳನ್ನು ಅಟ್ಟಣೆ ಮೇಲೆ ಕೂತು ಕವಣೆ ಬೀಸಿ ಓಡಿಸುವ ಆಟ. ಮೊದಲ ಲೆವೆಲ್ಲು ಜೋಳದ ಹೊಲ, ಅದನ್ನು ಗೆದ್ದರೆ ಎರಡನೆಯದು ಭತ್ತದ ಗದ್ದೆ, ಅದನ್ನೂ ಗೆದ್ದರೆ ಮೂರನೆಯದು ಕಾಡಂಚಿನ ಗೆಣಸಿನ ತೋಟ. ಬೆಂಗಳೂರಿನ ಕಂಪನಿಯೊಂದಕ್ಕೆ ಕಳಿಸಿದ್ದಳು. ಕಂಪನಿಯ ಮೀನಾ ಎಂಬವರು ಮಡಿಕೇರಿಗೆ ಹೋಗುವ ದಾರಿಯಲ್ಲಿ ಭಾನುವಾರ ಮಧ್ಯಾಹ್ನ ಊರಿಗೇ ಬಂದು ಮಾತಾಡುತ್ತೇನೆ ಎಂದಿದ್ದರು.

"ಆಟದ ಮ್ಯಾಲೆ ನನ್ ಹೆಸ್ರು ಇರ್ಬೇಕು ಸಾರ್. ಬೇರೆ ಏನಾದ್ರೂ ಆಗ್ಲಿ," ಎಂದಿದ್ದಳು ವನಿತಾ.

ಉಮಾಶಂಕರನಿಗೆ ಅಂದು ಸಂತೋಷಕ್ಕೆ ಅಳು ಬರುವುದೊಂದು ಬಾಕಿ. ಈ ಒಂದು ಕರಾರು ಸರಿಯಾಗಿ ಬರೆದು ಸಹಿಯಾದರೆ ಬೋರ್ಡು ಉಳಿಯುತ್ತದೆ. ಇಲ್ಲದಿದ್ದರೆ ಅದನ್ನು ಇಳಿಸಿ ಬಚ್ಚಲ ಒಲೆಗೆ ಹಾಕಿ, ಆಯಸ್ಸಿಡೀ ಹುಣಸೇ ಮರದ ಕೆಳಗೇ ಕೂರುವುದು ಎಂದು ಅವತ್ತೇ ಶಪಥ ಮಾಡಿದ್ದ.

ಸಣ್ಣಬೀರಯ್ಯನ ಮನೆಯ ಜಗಲಿಯ ಮೇಲೆ ಎಲ್ಲ ಚೆನ್ನಾಗಿಯೇ ಶುರುವಾಯಿತು. ವನಿತಾ ಮಜ್ಜಿಗೆ ತಂದಿಟ್ಟಳು. ಸಣ್ಣಬೀರಯ್ಯ ಟವೆಲು ಕೊಡವಿ ಕೂತು, "ಅಲ್ಲ ಲಾಯ್ರಪ್ಪ, ಕೈಗೆ ಸಿಗ್ದೆ ಇರೋ ಪದಾರ್ಥವ ಮಾರದು ಎಂಗೆ? ನಾಳೆ ಅವ್ರು ಮೋಸ ಆಯ್ತು ಅಂದ್ರೆ ಪಾಪ ನಮ್ಗಲ್ವಾ?" ಎಂದು ಸಂಕಟದಿಂದ ಕೇಳಿದ.

ಒಳ್ಳೆಯ ಮನುಷ್ಯ. ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಉಮಾಶಂಕರ ಹೊರಟನಲ್ಲ, ಅಲ್ಲೇ ಎಡವಿದ.

"ಬೀರಯ್ಯಣ್ಣ, ಇದು ಜಮೀನಿದ್ದಂಗೆ ಕಣಣ್ಣ. ಕಣ್ಣಿಗೆ ಕಾಣಲ್ಲ, ಆದ್ರೆ ಆಸ್ತಿ. ಪಕ್ಕಾ ಆಸ್ತಿ!"

ಹಿತ್ತಲಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಸೀಳುತ್ತಿದ್ದ ಸದ್ದು ಗಕ್ಕನೆ ನಿಂತಿತು. ಮರುಗಳಿಗೆಯಲ್ಲಿ ವನಿತಾಳ ಅಣ್ಣ ಶಿವಣ್ಣ ಕೊಡಲಿ ಸಮೇತ ಜಗಲಿಯ ಮೇಲಿದ್ದ.

"ಆಸ್ತಿ ಅಂದ್ರಾ?"

"ಹೂಂ, ಅಂದ್ರೆ..."

"ಕಂಪ್ಯೂಟ್ರು ತಂದಿದ್ದು ಯಾರ್ ದುಡ್ಡಲ್ಲಿ? ಸೊಪ್ಪಿನ ದುಡ್ಡಲ್ಲಿ. ಸೊಪ್ಪು ಬೇಯ್ಸಿದ್ದು ಯಾರು? ನಾನು. ಒಟ್ಟು ಕುಟುಂಬದ ಆಸ್ತಿ ಇದು. ಮಾರದಾದ್ರೆ ಮೊದ್ಲು ಭಾಗ ಆಗ್ಲಿ!"

"ಶಿವಣ್ಣ, ಕಾನೂನಿನ ಪ್ರಕಾರ ಇದು ಕೃತಿ. ಬರ್ದೋರಿಗೇ ಸೇರೋದು..."

"ಲಿಂಗಣ್ಣನ್ನ ಕರೀರಿ," ಎಂದ ಶಿವಣ್ಣ.

ಲಿಂಗಣ್ಣ ಬಂದ. ಕರೆಯುವುದಕ್ಕೆ ಮೊದಲೇ ಅರ್ಧ ದಾರಿಯಲ್ಲಿದ್ದ ಎಂದು ಆಮೇಲೆ ಗೊತ್ತಾಯಿತು. ಜಗಲಿಯ ಕಂಬಕ್ಕೆ ಒರಗಿ, ಎಲೆಗೆ ಸುಣ್ಣ ಸವರುತ್ತ ಎರಡೂ ಕಡೆಯ ಮಾತು ಕೇಳಿದ. ಬರೆದವರಿಗೇ ಸೇರತಕ್ಕದ್ದು ಎಂದು ಉಮಾಶಂಕರ ಮತ್ತೊಮ್ಮೆ ಬಿಡಿಸಿ ಹೇಳಿದ.

"ಅಂಗಾ? ಬರ್ದೋರಿಗೇ ಸೇರದಾದ್ರೆ, ಶ್ಯಾನುಭೋಗ್ರು ಬರ್ದ ಪಾಣಿಯೆಲ್ಲಾ ಶ್ಯಾನುಭೋಗ್ರದೇ ಆಗ್ಬೇಕಿತ್ತಲ್ಲಪ್ಪ? ಅಷ್ಟೂ ಜಮೀನು?"

ಈ ಪ್ರಶ್ನೆ ಅಂಚೆಯಲ್ಲಿ ಬಂದ ಯಾವ ಪಾಠದಲ್ಲೂ ಇರಲಿಲ್ಲ. ಲಿಂಗಣ್ಣ ಆಗಲೇ ಅಂಗಳಕ್ಕಿಳಿದು ಕಡ್ಡಿಯಿಂದ ನೆಲದ ಮೇಲೆ ಮೂರು ಚೌಕ ಗೀಚಿಯಾಗಿತ್ತು.

"ಇದು ಜೋಳದ ಹೊಲ, ಇದು ಗದ್ದೆ, ಇದು ಗೆಣಸು. ಮೂರು ಲೆವೆಲ್ಲು, ಮೂರು ಪಾಲು. ಅಪ್ಪ, ಮಗ, ಮಗಳು. ಈಗ ಹೆಣ್ಮಕ್ಕಳಿಗೂ ಸಮ ಪಾಲು ಐತೆ, ಅದ್ನ ನಾನೂ ಒಪ್ತೀನಿ."

"ತುಂಡು ಮಾಡುದ್ರೆ ಆಟ ಓಡಲ್ಲ ಲಿಂಗಣ್ಣ ಮಾವ," ಎಂದಳು ವನಿತಾ.

"ಓಡಲ್ಲ ಅಂದ್ರೆ? ನಿಮ್ಮಜ್ಜನ ಮನೆ ಮೂರು ಭಾಗ ಆಯ್ತು. ಮೂರು ಒಲೇನೂ ಉರೀತಿಲ್ವಾ?"

ಆ ಸೀಮೆಯ ಪದ್ಧತಿಯಂತೆ ಹಿರಿಮಗ ಭಾಗ ಹಾಕಬೇಕು, ಚಿಕ್ಕವರು ಮೊದಲು ಆರಿಸಿಕೊಳ್ಳಬೇಕು. ಶಿವಣ್ಣ ಭಾಗ ಹಾಕಿದ. ವನಿತಾ ಸುಮ್ಮನೆ ಕೊನೆಯ ಚೌಕದ ಮೇಲೆ ಕಾಲಿಟ್ಟಳು. ಶಿವಣ್ಣನಿಗೆ ಖುಷಿಯೋ ಖುಷಿ. ಪೆದ್ದಿ ಹುಡುಗಿ ಕಾಡಂಚಿಗೆ ಹೋದಳು, ತನಗೆ ರಸ್ತೆ ಬದಿಯ ಮೊದಲನೇ ಲೆವೆಲ್ಲೇ ಸಿಕ್ಕಿತು! ಎರಡನೆಯದು ಅಪ್ಪನ ಪಾಲಿಗೆ ಉಳಿಯಿತು. ಮೀಸೆ ತಿರುವಿ ಶಿವಣ್ಣ ಘೋಷಿಸಿದ:

"ನನ್ ಹೊಲ ದಾಟಿ ಯಾರೂ ಎರಡ್ನೇದಕ್ಕೆ ಹೋಗಂಗಿಲ್ಲ!"

"ಅದೆಂಗ್ಲಾ? ನನ್ ಗದ್ದೆಗೆ ನಾನೇನು ಹಾರ್ಕಂಡು ಹೋಗ್ಲಾ?" ಎಂದು ಸಣ್ಣಬೀರಯ್ಯ, ಮೊಟ್ಟಮೊದಲ ಬಾರಿಗೆ ಆಸ್ತಿಯ ಬಿಸಿ ತಗುಲಿ, ಗರ್ಜಿಸಿದ. ಬೆಳಿಗ್ಗೆ ಪಾಪಪುಣ್ಯ ಯೋಚಿಸುತ್ತಿದ್ದ ಮನುಷ್ಯ! ಮುನಿಸಿಕೊಂಡು ಎದ್ದು ಹೋಗಿ ಬ್ಯಾರನ್ನಿನ ಬಾಗಿಲಲ್ಲಿ ಕೂತುಬಿಟ್ಟ.

ಉಮಾಶಂಕರ ಬೆವರು ಒರೆಸಿಕೊಂಡು ಕಾಗದ ತೆಗೆದ. ಪ್ರಪಂಚದ ಯಾವ ಗೇಮ್ ಕಂಪನಿಯ ವಕೀಲನೂ ಬರೆಯದ ಸಾಲನ್ನು ಬರೆದ: 'ಒಂದನೇ ಪಾರ್ಟಿಯವರು ತಮ್ಮ ಲೆವೆಲ್ಲಿನ ಮೂಲಕ ಎರಡನೇ ಮತ್ತು ಮೂರನೇ ಲೆವೆಲ್ಲುಗಳಿಗೆ ಆಟಗಾರರು, ಹಂದಿಗಳು ಹಾಗೂ ಇತರರು ಹೋಗಿಬರಲು ದಾರಿ ಬಿಟ್ಟುಕೊಡತಕ್ಕದ್ದು.'

ಅಷ್ಟರಲ್ಲಿ ವನಿತಾಳ ಸೋದರತ್ತೆ ಭದ್ರಮ್ಮ ಪೊರಕೆ ಹಿಡಿದು ಹೊರಗೆ ಬಂದಳು. ಹಂದಿ ಹೊಲಕ್ಕೆ ನುಗ್ಗಿದಾಗ ಆಟದಲ್ಲಿ ಒಬ್ಬ ಹೆಂಗಸು "ಅಯ್ಯಯ್ಯೋ, ನಿನ್ ವಂಸ ನಿರ್ವಂಸ ಆಗಾ!" ಎಂದು ಕೂಗುವ ಸದ್ದಿತ್ತು. ಆ ಗಂಟಲು ಭದ್ರಮ್ಮನದು. ಕೋಳಿ ಅಟ್ಟುತ್ತಿದ್ದಾಗ ವನಿತಾ ಗುಟ್ಟಾಗಿ ಹಿಡಿದಿಟ್ಟುಕೊಂಡಿದ್ದಳು.

"ನನ್ ಬಾಯ್ನೂ ಮಾರ್ಕೊಳ್ತೀರೇನ್ರೋ ಬೇವಾರ್ಸಿಗಳಾ? ನಾನಿನ್ನೂ ಬದ್ಕಿವ್ನಿ!"

"ಅತ್ತೆ, ನಿಮ್ಮ ಒಪ್ಪಿಗೆ ಇಲ್ದೆ ಯಾರೂ ಮಾರಲ್ಲ. ಒಂದು ಹೆಬ್ಬೆಟ್ಟು ಒತ್ತಿದ್ರೆ ಸಾಕು," ಎಂದು ಉಮಾಶಂಕರ ಕೈಮುಗಿದ.

"ಒತ್ತಲ್ಲ. ಅದು ಸಣ್ಣ ಬೈಗ್ಳ ಕಣಯ್ಯಾ, ಕೋಳಿಗೆ ಬಯ್ಯಾದು! ಊರೋರೆಲ್ಲ ಕೇಳಿ, ಭದ್ರಿಗೆ ಇಷ್ಟೇನಾ ಬರಾದು ಅನ್ಬೇಕಾ? ಹಂದಿಗೆ ಬಯ್ಯಾ ಬೈಗ್ಳ ಬ್ಯಾರೆ ಐತೆ. ಕೇಳ್ಕೋ."

ಕೇಳಿಸಿದಳು. ಎದುರಿಗೆ ಹಂದಿ ಇಲ್ಲದ ಕಾರಣ ಉಮಾಶಂಕರನನ್ನೇ ನೋಡಿಕೊಂಡು ಕೇಳಿಸಿದಳು. ಅವನ ಮೂರು ತಲೆಮಾರು, ಕರೀ ಕೋಟು, ಹುಟ್ಟಿದ ಗಳಿಗೆ, ಮುಂದೆ ಹುಟ್ಟಬಹುದಾದ ಮಕ್ಕಳು, ಒಂದನ್ನೂ ಬಿಡಲಿಲ್ಲ. ಲಿಂಗಣ್ಣ ತಲೆದೂಗಿ, "ಇದು ಬೈಗ್ಳ!" ಎಂದ. ಈ ಹೊಸ ಬೈಗುಳವನ್ನೇ ಹಾಕತಕ್ಕದ್ದು ಎಂದು ಇನ್ನೊಂದು ಕಲಮು ಸೇರಿತು.

ಅಲ್ಲಿಂದ ಶುರುವಾಯಿತು ಓಟ. ಜಗಲಿಯ ಮೇಲೆ ಶಿವಣ್ಣ, ಬ್ಯಾರನ್ನಿನ ಬಾಗಿಲಲ್ಲಿ ಸಣ್ಣಬೀರಯ್ಯ, ಕೋಳಿಗೂಡಿನ ಹತ್ತಿರ ಭದ್ರಮ್ಮ, ಅಂಗಳದ ನಡುವೆ ಲಿಂಗಣ್ಣ. ಶಿವಣ್ಣ ಎತ್ತಿನ ಗಾಡಿ ಹೋಗುವಷ್ಟು ದಾರಿ ಬಿಡಲು ಒಪ್ಪಿದರೆ ಅಪ್ಪ ಟ್ರ್ಯಾಕ್ಟರ್ ಹೋಗುವಷ್ಟು ಬೇಕೆಂದ. ಅಪ್ಪನನ್ನು ಒಪ್ಪಿಸಿ ಬಂದರೆ ಭದ್ರಮ್ಮ, ತನ್ನ ಗಂಟಲು ಮೂರು ಲೆವೆಲ್ಲಿನಲ್ಲೂ ಕೇಳಬೇಕು, ತಾರತಮ್ಯ ಕೂಡದು ಎಂದಳು. ಅದನ್ನು ಹೇಳಲು ಹೋದರೆ ಶಿವಣ್ಣ, "ನನ್ ಹೊಲ್ದಲ್ಲಿ ಅತ್ತೆ ಬಯ್ಯಂಗಿಲ್ಲ, ಮನೇಲಿ ಬಯ್ಯಾದೇ ಸಾಕು" ಎಂದು ಕೊಡಲಿ ಎತ್ತಿದ. ಸೆಖೆಯಲ್ಲಿ ಕೋಟು ಮೈಗಂಟಿ ಉಮಾಶಂಕರ ನೆನೆದ ಕಾಗೆಯ ಹಾಗೆ ಆ ಕಡೆಯಿಂದ ಈ ಕಡೆಗೆ ಹಾರುತ್ತಿದ್ದ. ಒಮ್ಮೆ ತಿಪ್ಪೆ ಏರಿಯಲ್ಲಿ ಜಾರಿದ. ಒಮ್ಮೆ ಎಮ್ಮೆಯ ಹಗ್ಗ ತೊಡರಿ ಕಲಗಚ್ಚಿನ ಬಾನಿಗೆ ಮೊಣಕೈವರೆಗೆ ಮುಳುಗಿದ. ಕೈ ತೊಳೆದು ಬರುವಷ್ಟರಲ್ಲಿ ಕರುವೊಂದು ಜಗಲಿಗೆ ಮೂತಿ ಚಾಚಿ ದಾರಿ ಹಕ್ಕಿನ ಹಾಳೆಯನ್ನು ನಿಧಾನವಾಗಿ ಅಗಿಯುತ್ತಿತ್ತು.

ಮತ್ತೆ ಬರೆದ. ಎದುರಿಗಿದ್ದವರ ಮೇಲೆ ಅವನಿಗೆ ಕೋಪ ಬರಲಿಲ್ಲ ಎಂದಲ್ಲ, ಬಂತು. ಆದರೆ ನಡುಮನೆಯ ಕಿಟಕಿಯಲ್ಲಿ ಕೂತು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಏನೋ ಗೀಚುತ್ತಿದ್ದ ವನಿತಾಳ ಮುಖ ಕಂಡಾಗಲೆಲ್ಲ, ಈ ಹುಡುಗಿಯ ಹೆಸರು ಮಾತ್ರ ಯಾರೂ ತಿನ್ನಬಾರದು ಎನ್ನಿಸಿ ಮತ್ತೆ ಓಡಿದ.

ಈ ಗದ್ದಲದಲ್ಲಿ ಒಂದು ಕಾರು ಬಂದು ಬೀದಿಯ ಬೇವಿನ ಮರದ ನೆರಳಿನಲ್ಲಿ ನಿಂತದ್ದನ್ನು ವನಿತಾಳ ಹೊರತು ಯಾರೂ ಗಮನಿಸಲಿಲ್ಲ. ಇಳಿದವರು ಕಂಪನಿಯ ಮೀನಾ. ವನಿತಾ ಕೊಟ್ಟ ಮಜ್ಜಿಗೆ ಹಿಡಿದು, ಹಿತ್ತಲಿನ ಗೋಡೆಗೆ ಒರಗಿ, ಅವರು ತುಂಬ ಹೊತ್ತು ಸುಮ್ಮನೆ ನೋಡುತ್ತ ನಿಂತರು. ನಡುನಡುವೆ ವನಿತಾಳ ಕಾಗದಕ್ಕೆ ಬಗ್ಗಿ ಏನೋ ಕೇಳುತ್ತಿದ್ದರು.

ಕೊನೆಗೂ ಎಲ್ಲರ ಸಹಿ, ಹೆಬ್ಬೆಟ್ಟು ಬಿತ್ತು. ಉಮಾಶಂಕರ ಯುದ್ಧ ಗೆದ್ದವನಂತೆ ಹಾಳೆ ಮೇಲೆತ್ತಿ ತಿರುಗಿದರೆ ಎದುರಿಗೆ ಮೀನಾ. "ಮೇಡಂ! ಟೈಟಲ್ ಕ್ಲಿಯರ್ ಮೇಡಂ! ಹಂದಿ ಆಟ ಯಾವ ತಕರಾರೂ ಇಲ್ಲದ ಆಸ್ತಿ!"

"ಸಾರ್," ಎಂದರು ಮೀನಾ ಮೆತ್ತಗೆ, "ಹಂದಿ ಆಟ ನಮಗೆ ಬೇಡ."

ಶಿವಣ್ಣನ ಕೈಯಿಂದ ಕೊಡಲಿ ಜಾರಿತು. ರಸ್ತೆ ಬದಿಯ ಲೆವೆಲ್ಲು!

"ಹಂದಿ ಜಾಗದಲ್ಲಿ ಕೋಳಿ, ಕೋಳಿ ಜಾಗದಲ್ಲಿ ಬಾತುಕೋಳಿ ಇಟ್ಟು ಹೊಡೆಯೋ ಆಟ ನಮ್ಮಲ್ಲಿ ಬೇಕಾದಷ್ಟಿವೆ. ನಾನು ವನಿತಾ ಕೈಗುಣ ನೋಡಿ ಮಾತಾಡಿಸೋಣ ಅಂತ ಬಂದೆ. ಆದ್ರೆ ಇಲ್ಲಿ ನಿಂತು ನೋಡಿದ್ನಲ್ಲ ಸಾರ್, ಇಂಥ ಆಟ ನಾನು ಎಲ್ಲೂ ನೋಡಿಲ್ಲ. ವನಿತಾ, ತೋರ್ಸಮ್ಮ."

ವನಿತಾ ಕಾಗದ ತೋರಿಸಿದಳು. ಮೇಲಿನಿಂದ ಕಂಡಂತೆ ಮನೆ, ಅಂಗಳ, ಹಿತ್ತಲು. ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರು. ನಡುವೆ ಕರೀ ಕೋಟಿನ ಒಬ್ಬ ಮನುಷ್ಯ, ಕೈಯಲ್ಲಿ ಹಾಳೆ, ಹಿಂದೆ ಒಂದು ಕರು.

"ಎಲ್ರನ್ನೂ ಒಪ್ಪಿಸ್ಬೇಕು," ಎಂದಳು ವನಿತಾ. "ಒಬ್ರು ಒಪ್ಪಿದ್ರೆ ಇನ್ನೊಬ್ರು ಮುನಿಸ್ಕೊತಾರೆ. ಎಲ್ರೂ ಒಟ್ಟಿಗೆ ಒಪ್ಪಿದ್ರೆ ಗೆದ್ದಂಗೆ."

ಶಿವಣ್ಣ ಬಗ್ಗಿ ನೋಡಿ, "ಇದು ನಾನಾ? ಮೀಸೆ ವಸಿ ದಪ್ಪ ಮಾಡವ್ವ," ಎಂದ. ಸಣ್ಣಬೀರಯ್ಯ ಬ್ಯಾರನ್ನಿನ ಚಿಮಣಿ ಎತ್ತರ ಸಾಲದು ಎಂದ. ಭದ್ರಮ್ಮ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಬೆಳಗಿನಿಂದ ಒಂದು ಗೇಣು ದಾರಿಗೆ ಬಡಿದಾಡಿದವರು, ತಮ್ಮ ಮುಖ ಪರದೆ ಮೇಲೆ ಬರುತ್ತದೆ ಎಂದ ಕೂಡಲೇ ತಂಬಿಗೆಯೊಳಗಿನ ನೀರಿನಷ್ಟು ತಣ್ಣಗಾದರು.

"ಆದ್ರೆ ಇದು ಯಾರಿಗೆ ಸೇರ್ತದೆ?" ಎಂದು ಶಿವಣ್ಣನೇ ಕೇಳಿದ, ಹಳೇ ಅಭ್ಯಾಸ.

ಲಿಂಗಣ್ಣ ಎಲೆಯಡಿಕೆ ಉಗಿದು ಬಂದ. "ಇದ್ರಲ್ಲೇನು ನ್ಯಾಯ ಐತ್ಲಾ? ನಮ್ಮೆಲ್ರ ಕಣ್ಣೆದ್ರಿಗೆ, ಆ ಮಗೀನ ತಲೇಲಿ ಹುಟ್ಟಿದ್ದು. ವನಿತಾಂದು. ಹೆಸ್ರೂ ಅವಳ್ದೇ ಇರ್ಲಿ. ನಡೀರಿ."

"ಆಯ್ತು ಬುಡಿ," ಎಂದರು ಎಲ್ಲರೂ.

ಇದೇ ಮಾತನ್ನು ಉಮಾಶಂಕರ ಬೆಳಗಿನಿಂದ ಕಲಮು ಸಮೇತ, ಉದಾಹರಣೆ ಸಮೇತ, ಗಂಟಲು ಹರಿಯುವಂತೆ ಹೇಳಿದ್ದ. ಓದಿದವನ ಬಾಯಲ್ಲಿ ಬಂದಾಗ ವ್ಯಾಜ್ಯ, ಲಿಂಗಣ್ಣನ ಬಾಯಲ್ಲಿ ಬಂದಾಗ ನ್ಯಾಯ! ಆದರೂ ವನಿತಾಳ ಮುಖ ನೋಡಿದ. ದೀಪ ಹಚ್ಚಿಟ್ಟ ಹಾಗಿತ್ತು. ಹೋಗಲಿ, ಯಾರ ಬಾಯಿಂದ ಬಂದರೇನು, ಹುಡುಗಿಯ ಹೆಸರು ಉಳಿಯಿತು. ಇನ್ನು ಕರಾರು ಬರೆಯುವವನು ತಾನೇ ತಾನೆ? ಎಂಥಾ ಆಟ, ಎಂಥಾ ಮೊದಲ ಕೇಸು! ಹೊಸ ಹಾಳೆ ತೆಗೆದು ಮೇಲೆ ದಿನಾಂಕ ಬರೆದ.

"ಅಯ್ಯೋ, ನೀವು ಬರೆಯೋ ಹಾಗಿಲ್ಲ ಸಾರ್," ಎಂದರು ಮೀನಾ.

"ಯಾಕೆ ಮೇಡಂ?"

"ಆಟದ ಹೀರೋನೇ ನೀವು! ನಿಮ್ಮ ಮುಖ, ನಿಮ್ಮ ಕೋಟು, ನೀವು ಬಾನಿಗೆ ಬಿದ್ದಿದ್ದು, ಎಲ್ಲ ಬೇಕು ನಮಗೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ವನಿತಾ ಒಂದು ಪಾರ್ಟಿ, ನೀವು ಒಂದು ಪಾರ್ಟಿ. ನೀವೇ ಪಾರ್ಟಿ ಆದ್ಮೇಲೆ ಅವಳ ವಕೀಲರಾಗಿ ಹೇಗೆ ಸಾರ್ ಇರ್ತೀರಿ? ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಹುಡುಗಿಗೇ ತೊಂದರೆ. ಅವಳು ಮೈಸೂರಲ್ಲಿ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ."

ಉಮಾಶಂಕರ ಪೆನ್ನನ್ನು ಹಾಳೆಯಿಂದ ಮೇಲೆತ್ತಿದ. ಆ ಹೆಂಗಸು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿದ್ದರೆ ಅವನೂ ಹೀಗೇ ಬರೆಯುತ್ತಿದ್ದ.

"ಹಾಂ, ನೀವೂ ಒಬ್ಬ ಒಳ್ಳೇ ಲಾಯರನ್ನ ಇಟ್ಕೊಳ್ಳಿ ಸಾರ್," ಎಂದು ಮೀನಾ ಕಾಳಜಿಯಿಂದ ಸೇರಿಸಿದರು. "ಸುಮ್ಮನೆ ಯಾರೋ ಅಲ್ಲ. ಈ ಗೇಮ್ ಕಾನೂನು ಗೊತ್ತಿರೋರು. ಇಲ್ಲಿ ಸುತ್ತಮುತ್ತ ಯಾರಾದ್ರೂ ಇದ್ದಾರಾ?"

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕನ್ನು ಉಮಾಶಂಕರ ಮನಸ್ಸಿನಲ್ಲೇ ಸುತ್ತಿ ಬಂದ. ಇದ್ದ, ಒಬ್ಬನೇ ಒಬ್ಬ ಇದ್ದ. ಕಲಗಚ್ಚಿನ ವಾಸನೆ ಹೊಡೆಯುತ್ತ ಅಂಗಳದ ನಡುವೆ ನಿಂತಿದ್ದ.

ಅವನು ಹಾಳೆ ಮಡಚಿದ, ಪೆನ್ನಿಗೆ ಟೋಪಿ ಹಾಕಿದ, ಎಲ್ಲರಿಗೂ ಒಟ್ಟಿಗೆ ಒಂದು ನಮಸ್ಕಾರ ಮಾಡಿ ಬೀದಿಗಿಳಿದ. ನಾಲ್ಕು ಹೆಜ್ಜೆ ಹೋಗಿಲ್ಲ, ವನಿತಾ ಕಾಗದ ಹಿಡಿದು ಬಾಗಿಲಿಗೆ ಓಡಿಬಂದಳು.

"ಸಾರ್, ಸಾರ್! ಒಂದೇ ಒಂದು ಕೇಳ್ಬೇಕಿತ್ತು. ಆಟದಲ್ಲಿ ನೀವು ಎಷ್ಟು ಸಲ ಬಿದ್ರೆ ಮುಗಿದಂಗೆ ಮಾಡ್ಲಿ?"

"ಮೂರು ಸಾಕು!" ಎಂದ ಶಿವಣ್ಣ ಜಗಲಿಯಿಂದ.

"ಮೂರೆಲ್ಲಿ ಸಾಕು? ನಾನೇ ಐದು ಸಲ ನೋಡ್ದೆ!" ಎಂದಳು ಭದ್ರಮ್ಮ.

"ಅವ್ನಾ?" ಎಂದ ಲಿಂಗಣ್ಣ, ಬೀದಿಗೆಲ್ಲ ಕೇಳುವಂತೆ. "ಅವ್ನು ಎಷ್ಟು ಸಲ ಬಿದ್ರೂ ಮುಗಿಯಾ ಜಾತಿ ಅಲ್ಲ ಕಣವ್ವ. ಲೆಕ್ಕನೇ ಇಡಬ್ಯಾಡ, ಬುಡು!"

ಅದೇನು ಬೈಗುಳವೋ ಇನ್ನೇನೋ ಎಂದು ಯೋಚಿಸುತ್ತ ಹೋಗುತ್ತಿದ್ದ ಉಮಾಶಂಕರ ಬೇಲಿಯ ತಿರುವಿನಲ್ಲಿ ಕಲ್ಲೊಂದನ್ನು ಎಡವಿ, ಫೈಲು ಸಮೇತ ಧೂಳಿನಲ್ಲಿ ಬೋರಲು ಬಿದ್ದ.

"ಒಂದು!" ಎಂದು ಹಿಂದಿನಿಂದ ಇಡೀ ಮನೆ ಕೂಗಿತು.

ಉಮಾಶಂಕರ ಎದ್ದ. ಕೋಟು ಕೊಡವಿದ. ಫೈಲು ಕಂಕುಳಿಗೆ ಸೇರಿಸಿ ಹುಣಸೂರು ಬಸ್ಸಿನ ಕಡೆಗೆ ನಡೆದ.